ಅಂಗಣಕ್ಕೆ ತಕ್ಕ ಚೆಂಡು

ಹಾಕಿಯ ನಿಯಮ ಪುಸ್ತಕ ಸ್ಟಿಕ್ಕಿನ ವಿಷಯಕ್ಕೆ ಬಂದರೆ ಮಾತು ನಿಲ್ಲಿಸುವುದೇ ಇಲ್ಲ. ಬಾಗು ಎಷ್ಟಿರಬೇಕು, ಅಂಚು ಹೇಗಿರಬೇಕು, ಅದನ್ನು ಅಳೆಯುವುದು ಹೇಗೆ ಎಂದೆಲ್ಲ ಚಿತ್ರ ಬರೆದು ತೋರಿಸುತ್ತದೆ. ಚೆಂಡಿನ ಸರದಿ ಬಂದಾಗ ಮಾತ್ರ ನಾಲ್ಕೇ ಸಾಲು. ಗುಂಡಗಿರಬೇಕು, ಸುತ್ತಳತೆ 224ರಿಂದ 235 ಮಿಲಿಮೀಟರ್, ತೂಕ 156ರಿಂದ 163 ಗ್ರಾಂ. ಗಟ್ಟಿಯಾಗಿರಬೇಕು, ಮೈ ನುಣುಪಾಗಿರಬೇಕು, ಗುಳಿಗಳಿದ್ದರೆ ಅಡ್ಡಿಯಿಲ್ಲ. ಯಾವ ವಸ್ತುವಿನಿಂದ ಮಾಡಿದ್ದರೂ ಸರಿ. ಬಣ್ಣ ಬಿಳಿ, ಇಲ್ಲವೇ ಅಂಗಣದ ಮೇಲೆ ಎದ್ದು ಕಾಣುವ, ಎಲ್ಲರೂ ಒಪ್ಪಿದ ಬೇರೊಂದು ಬಣ್ಣ.

ಈ ನಾಲ್ಕು ಸಾಲಿನಲ್ಲಿ ಅಂಗಣದ ಪ್ರಸ್ತಾಪ ಬರುವುದು ಬಣ್ಣದ ನೆಪದಲ್ಲಷ್ಟೇ. ನೀರು ಕುಡಿದ ನೀಲಿ ಟರ್ಫ್ ಮೇಲೂ, ಕೆಮ್ಮಣ್ಣಿನ ಶಾಲಾ ಮೈದಾನದಲ್ಲೂ, ಮರದ ಹಲಗೆ ಹಾಸಿದ ಒಳಾಂಗಣದಲ್ಲೂ ಅದೇ ತೂಕದ, ಅದೇ ಗಾತ್ರದ ಚೆಂಡು ನಡೆಯುತ್ತದೆ. ಆದರೆ ಮೂರೂ ಕಡೆ ಅದು ಒಂದೇ ಥರ ಓಡುವುದಿಲ್ಲ ಎಂಬುದು ಸ್ಟಿಕ್ ಹಿಡಿದ ಎಲ್ಲ ಹುಡುಗರಿಗೂ ಗೊತ್ತು. ಯಾವ ಅಂಗಣಕ್ಕೆ ಯಾವ ಚೆಂಡು ಎಂಬುದನ್ನು ನಿಯಮ ಹೇಳದೆ ಬಿಟ್ಟಿದೆ. ಕೋಚ್‌ಗಳು, ಪಿ.ಟಿ. ಮೇಷ್ಟ್ರುಗಳು, ಟೂರ್ನಿ ನಡೆಸುವವರು, ಕ್ರೀಡಾ ಸಾಮಗ್ರಿ ಮಾರುವವರು ತಂತಮ್ಮ ತಿಳಿವಳಿಕೆಗೆ ತಕ್ಕಂತೆ ಉತ್ತರ ಹುಡುಕಿಕೊಂಡಿದ್ದಾರೆ. ಅಂಗಡಿಗಳಲ್ಲಿ ಈ ಉತ್ತರ ತೀರಾ ಸರಳ. ಗುಳಿ ಇರುವುದು ‘ಟರ್ಫ್ ಬಾಲ್’ ಅಥವಾ ‘ಡಿಂಪಲ್ ಬಾಲ್’, ಇಲ್ಲದ್ದು ‘ಪ್ಲೇನ್ ಬಾಲ್’. ಮೊದಲನೆಯದು ದುಬಾರಿ, ಆದ್ದರಿಂದ ಒಳ್ಳೆಯದು. ಎರಡನೆಯದು ಅಗ್ಗ, ಆದ್ದರಿಂದ ಅಷ್ಟಕ್ಕಷ್ಟೆ. ದೊಡ್ಡ ಟೂರ್ನಿಗಳಲ್ಲಿ, ಟಿ.ವಿ.ಯಲ್ಲಿ ಕಾಣುವುದೂ ಗುಳಿ ಇರುವ ಚೆಂಡೇ ಆದ್ದರಿಂದ ಈ ಮಾತನ್ನು ಯಾರೂ ಪ್ರಶ್ನಿಸುವುದಿಲ್ಲ.

ಪ್ರಶ್ನಿಸಬೇಕು ಎಂಬುದು ನನ್ನ ವಾದ. ಚೆಂಡಿನ ಮೇಲಿನ ಗುಳಿ ಬಂದದ್ದು ಅಂಗಣದ ಮೇಲೆ ನಿಂತ ನೀರಿಗೆ ಉತ್ತರವಾಗಿ. ನೀರಿಲ್ಲದ ಕಡೆ ಆ ಉತ್ತರಕ್ಕೆ ಪ್ರಶ್ನೆಯೇ ಇರುವುದಿಲ್ಲ. ಹಾಕಿ ಚೆಂಡಿನ ಒಂದೂವರೆ ಶತಮಾನದ ಕಥೆಯನ್ನು ನೀರನ್ನು ಹಿಡಿದುಕೊಂಡೇ ಹೇಳಿಬಿಡಬಹುದು.

ಇಂಗ್ಲೆಂಡಿನಲ್ಲಿ ಆಧುನಿಕ ಹಾಕಿ ರೂಪುಗೊಳ್ಳುತ್ತಿದ್ದಾಗ ಬ್ಲ್ಯಾಕ್‌ಹೀತ್ ಕ್ಲಬ್ಬಿನವರು ಆಡುತ್ತಿದ್ದುದು ಚೆಂಡಿನಲ್ಲೇ ಅಲ್ಲ, ರಬ್ಬರಿನ ಚೌಕದಲ್ಲಿ. ಅದು ಯಾವ ಕಡೆ ನೆಗೆಯುತ್ತದೆಂದು ಹೊಡೆದವನಿಗೇ ತಿಳಿಯುತ್ತಿರಲಿಲ್ಲವೇನೋ! ಲಂಡನ್ ಬಳಿಯ ಟೆಡಿಂಗ್ಟನ್ ಕ್ಲಬ್ಬಿನ ಕ್ರಿಕೆಟಿಗರು 1870ರ ದಶಕದಲ್ಲಿ ಚಳಿಗಾಲಕ್ಕೊಂದು ಆಟ ಬೇಕೆಂದು ಹಾಕಿಗೆ ಇಳಿದಾಗ ಕೈಗೆ ಸಿಕ್ಕಿದ್ದು ಕ್ರಿಕೆಟ್ ಚೆಂಡು. ಇವತ್ತಿಗೂ ಹಾಕಿ ಚೆಂಡಿನ ತೂಕ, ಗಾತ್ರಗಳು ಕ್ರಿಕೆಟ್ ಚೆಂಡಿನದಕ್ಕೆ ಅಂಟಿಕೊಂಡೇ ಇವೆ. ಒಳಗೆ ಕಾರ್ಕ್, ಅದರ ಮೇಲೆ ಸುತ್ತಿದ ದಾರ, ಮೇಲೆ ಹೊಲಿದ ಚರ್ಮ, ಅದಕ್ಕೆ ಬಳಿದ ಬಿಳಿ ಬಣ್ಣ: ಸುಮಾರು ನೂರು ವರ್ಷ ಹಾಕಿ ಆಡಿದ್ದು ಇಂಥ ಚೆಂಡಿನಲ್ಲಿ.

ಚರ್ಮದ ಚೆಂಡು ಒಣ ಹುಲ್ಲಿನ ಮೇಲೆ ಹೇಳಿದಂತೆ ಕೇಳುತ್ತಿತ್ತು. ಮಳೆ ಬಿದ್ದರೆ ಕಥೆ ಬೇರೆ. ಹೊಲಿಗೆಯ ಸಂದಿನಿಂದ ನೀರು ಕುಡಿದು ಭಾರವಾಗುತ್ತಿತ್ತು, ಬಣ್ಣ ಕಿತ್ತು ಹೋಗುತ್ತಿತ್ತು, ಚರ್ಮ ಉಬ್ಬಿ ದುಂಡು ಕೆಡುತ್ತಿತ್ತು. 1936ರ ಬರ್ಲಿನ್ ಒಲಿಂಪಿಕ್ಸಿನ ಫೈನಲ್ ಮಳೆಯಿಂದ ಒಂದು ದಿನ ಮುಂದಕ್ಕೆ ಹೋಗಿ ಆಗಸ್ಟ್ 15ರಂದು ನಡೆಯಿತು. ಧ್ಯಾನ್‌ಚಂದ್ ನಾಯಕತ್ವದ ಭಾರತ ಜರ್ಮನಿಯನ್ನು 8–1ರಿಂದ ಸೋಲಿಸಿತು. 1948ರಲ್ಲಿ ಲಂಡನ್ನಿನ ವೆಂಬ್ಲಿಯಲ್ಲಿ ಬ್ರಿಟನ್ ವಿರುದ್ಧದ ಫೈನಲ್ಲೂ ಒದ್ದೆ, ಭಾರದ ನೆಲದ ಮೇಲೇ; ಅಲ್ಲಿ 4–0. ಈ ಎರಡು ಪಂದ್ಯಗಳ ಬಗ್ಗೆ ನಮ್ಮವರು ಬೂಟು ಕಳಚಿ ಆಡಿದ ಕಥೆಗಳನ್ನು ನಾವು ಅಭಿಮಾನದಿಂದ ಹೇಳಿಕೊಳ್ಳುತ್ತೇವೆ. ಒದ್ದೆ ಹುಲ್ಲಿನ ಮೇಲೆ ನೆನೆದ ಚರ್ಮದ ಚೆಂಡನ್ನು ಅಷ್ಟು ಹತೋಟಿಯಲ್ಲಿ ಇಟ್ಟುಕೊಂಡದ್ದು ಅದಕ್ಕಿಂತ ದೊಡ್ಡ ಸಂಗತಿ ಎಂದು ನನಗೆ ಅನ್ನಿಸುತ್ತದೆ.

ಆಮೇಲೆ ಬಂತು 1976ರ ಮಾಂಟ್ರಿಯಲ್. ಒಲಿಂಪಿಕ್ ಹಾಕಿ ಮೊದಲ ಬಾರಿಗೆ ಕೃತಕ ಹಾಸಿನ ಮೇಲೆ ನಡೆಯಿತು. ಹಿಂದಿನ ವರ್ಷವಷ್ಟೇ ಕ್ವಾಲಾಲಂಪುರದಲ್ಲಿ ವಿಶ್ವಕಪ್ ಎತ್ತಿಕೊಂಡು ಬಂದಿದ್ದ ಭಾರತ ಅಲ್ಲಿ ಏಳನೇ ಸ್ಥಾನಕ್ಕೆ ಇಳಿಯಿತು. ಎರಡೂ ತಂಡಗಳಲ್ಲಿದ್ದ ಕೊಡಗಿನ ಬಿ.ಪಿ. ಗೋವಿಂದ ಒಂದೇ ವರ್ಷದಲ್ಲಿ ಎರಡು ಲೋಕ ಕಂಡವರು. 1982ರ ದೆಹಲಿ ಏಷ್ಯನ್ ಕ್ರೀಡಾಕೂಟದ ಫೈನಲ್‌ನಲ್ಲಿ ಪಾಕಿಸ್ತಾನಕ್ಕೆ 1–7ರಿಂದ ಸೋತದ್ದೂ ಟರ್ಫ್ ಮೇಲೆ. ಟರ್ಫ್ ನಮ್ಮ ಹಾಕಿಯನ್ನು ಹೇಗೆ ಕೆಡಿಸಿತು ಎಂಬ ಚರ್ಚೆ ನಾಲ್ಕು ದಶಕದಿಂದ ನಡೆದೇ ಇದೆ. ಆ ಚರ್ಚೆಯಲ್ಲಿ ಸ್ಟಿಕ್, ಬೂಟು, ದೇಹದಾರ್ಢ್ಯ ಎಲ್ಲ ಬಂದುಹೋಗುತ್ತವೆ. ಚೆಂಡು ಮಾತ್ರ ಬರುವುದಿಲ್ಲ. ನೆಲ ಬದಲಾದ ಕೂಡಲೇ ಚರ್ಮದ ಚೆಂಡಿನ ಕಾಲವೂ ಮುಗಿಯಿತು. ಒರಟು ನೈಲಾನ್ ಎಳೆಗಳ ಮೇಲೆ ಚರ್ಮ ತಾಳಲಿಲ್ಲ, ನೀರಿನಲ್ಲಂತೂ ಬಾಳಲಿಲ್ಲ. ಅದರ ಜಾಗಕ್ಕೆ ಪ್ಲಾಸ್ಟಿಕ್ ಹೊದಿಕೆಯ, ಹೊಲಿಗೆಯಿಲ್ಲದ ಚೆಂಡು ಬಂತು.

ಟರ್ಫಿಗೆ ನೀರು ಏಕೆ ಹಾಕುತ್ತಾರೆ ಎಂದು ಮೊದಲ ಸಲ ನೋಡಿದವರು ಕೇಳುತ್ತಾರೆ. ಬೆಳೆಯುವ ಹುಲ್ಲಂತೂ ಅಲ್ಲ. ನೀರು ಹಾಕದಿದ್ದರೆ ಎಳೆಗಳ ಮೇಲೆ ಚೆಂಡು ತಡೆದು ನಿಲ್ಲುತ್ತದೆ, ನೆಗೆಯುತ್ತದೆ. ಬಿದ್ದ ಆಟಗಾರರ ಮೊಣಕಾಲು, ಮೊಣಕೈ ಸುಟ್ಟಂತೆ ತರಚಿ ಹೋಗುತ್ತದೆ. ಬೂಟು ನೆಲಕ್ಕೆ ಕಚ್ಚಿ ಮಂಡಿ ತಿರುಚಿಕೊಳ್ಳುತ್ತದೆ. ನೀರು ಬಿದ್ದರೆ ಎಲ್ಲವೂ ಜಾರುತ್ತದೆ, ಚೆಂಡು ನೆಲಕ್ಕೆ ಅಂಟಿಕೊಂಡಂತೆ ವೇಗವಾಗಿ ಓಡುತ್ತದೆ. ಅದಕ್ಕೇ ಪಂದ್ಯಕ್ಕೆ ಮುಂಚೆ ಮೂಲೆಗಳಲ್ಲಿ ನಿಂತ ದೊಡ್ಡ ಪಿಚಕಾರಿಗಳು ಇಡೀ ಅಂಗಣವನ್ನು ತೋಯಿಸುತ್ತವೆ, ವಿರಾಮದಲ್ಲಿ ಮತ್ತೊಮ್ಮೆ. ಆದರೆ ನೀರು ಎಲ್ಲ ಕಡೆ ಒಂದೇ ಸಮ ನಿಲ್ಲುವುದಿಲ್ಲ. ಒಂದು ಕಡೆ ಹೆಚ್ಚು, ಗಾಳಿ ಬೀಸುವ ಕಡೆ ಕಡಿಮೆ, ಬಿಸಿಲು ಬಿದ್ದ ಅರ್ಧ ಬೇಗ ಒಣಗುತ್ತದೆ. ಪೂರಾ ನುಣುಪಾದ ಚೆಂಡು ವೇಗದಲ್ಲಿ ಬಂದು ನೀರಿನ ಪೊರೆಯ ಮೇಲೇರಿದರೆ, ಅದರ ಮುಂದೆ ಒತ್ತಿಕೊಂಡ ನೀರಿಗೆ ಹೋಗಲು ದಾರಿಯಿಲ್ಲ. ಚೆಂಡು ನೆಲದ ಸಂಪರ್ಕ ಕಳೆದುಕೊಂಡು ಕ್ಷಣಹೊತ್ತು ನೀರಿನ ಮೇಲೇ ಜಾರುತ್ತದೆ. ನೀರು ಕಡಿಮೆ ಇರುವ ಜಾಗಕ್ಕೆ ಬಂದೊಡನೆ ನೆಲ ಹಿಡಿಯುತ್ತದೆ, ಕುಪ್ಪಳಿಸುತ್ತದೆ. ಮಳೆಯಲ್ಲಿ ಹೆದ್ದಾರಿಯ ಮೇಲೆ ಸವೆದ ಟೈರಿನ ಕಾರು ಜಾರುವುದು ಇದೇ ಕಾರಣಕ್ಕೆ. ಟೈರಿಗೆ ಗೀರು ಕೊಟ್ಟಂತೆ ಚೆಂಡಿಗೆ ಗುಳಿ ಕೊಟ್ಟರು. ಗುಳಿಗಳಲ್ಲಿ ನೀರು ಸರಿದು ಹೋಗುತ್ತದೆ, ಚೆಂಡು ಉರುಳುತ್ತಲೇ ಇರುತ್ತದೆ. ಆಸ್ಟ್ರೇಲಿಯಾದ ಕೂಕಬುರ್ರ ಕಂಪನಿಯ ಗುಳಿ ಚೆಂಡು ಅಂತರರಾಷ್ಟ್ರೀಯ ಪಂದ್ಯಗಳಲ್ಲಿ ವರ್ಷಗಟ್ಟಲೆ ಉಳಿದದ್ದು ಈ ಗುಣದಿಂದ.

ಇಲ್ಲೊಂದು ತಪ್ಪು ತಿಳಿವಳಿಕೆ ಇದೆ. ಗಾಲ್ಫ್ ಚೆಂಡಿನ ಗುಳಿ ಗಾಳಿಗಾಗಿ. ಚೆಂಡು ಹಾರುವಾಗ ಗಾಳಿಯ ಎಳೆತ ಕಡಿಮೆ ಮಾಡಿ ಹೆಚ್ಚು ದೂರ ಕೊಂಡೊಯ್ಯುತ್ತದೆ. ಅದನ್ನೇ ಹಾಕಿಗೂ ಅನ್ವಯಿಸಿ, ಡಿಂಪಲ್ ಬಾಲ್ ಜೋರಾಗಿ ಹೋಗುತ್ತದೆ ಎಂದು ಮಾರುವವರಿದ್ದಾರೆ. ಹಾಕಿ ಚೆಂಡು ಬಹುಪಾಲು ಹೊತ್ತು ನೆಲದ ಮೇಲಿರುತ್ತದೆ. ಇಲ್ಲಿ ಗುಳಿಯ ಕೆಲಸ ಚೆಂಡನ್ನು ಜೋರಾಗಿ ಓಡಿಸುವುದಲ್ಲ, ಹೋದ ಸಲ ಓಡಿದ ಹಾಗೇ ಈ ಸಲವೂ ಓಡುವಂತೆ ಮಾಡುವುದು.

ಇದರ ಬೆಲೆ ಎಲ್ಲಕ್ಕಿಂತ ಚೆನ್ನಾಗಿ ತಿಳಿಯುವುದು ಪೆನಾಲ್ಟಿ ಕಾರ್ನರ್‌ನಲ್ಲಿ. ಗೋಲ್ ಕಂಬದಿಂದ 10 ಮೀಟರ್ ದೂರದ ಗುರುತಿನಿಂದ ಒಬ್ಬ ಚೆಂಡನ್ನು ಪುಶ್ ಮಾಡುತ್ತಾನೆ. ಅದು ‘ಡಿ’ಯ ನೆತ್ತಿಯವರೆಗೆ, ಅಂದರೆ ಸುಮಾರು 19 ಮೀಟರ್ ಓಡುತ್ತದೆ. ಅಲ್ಲಿ ಬಗ್ಗಿ ಕೂತವನು ಸ್ಟಿಕ್ಕನ್ನು ನೆಲಕ್ಕೆ ಮಲಗಿಸಿ ಟ್ರ್ಯಾಪ್ ಮಾಡುತ್ತಾನೆ, ಡ್ರ್ಯಾಗ್ ಫ್ಲಿಕರ್ ಆಗಲೇ ಓಟ ಶುರು ಮಾಡಿರುತ್ತಾನೆ. ಎದುರಿನಿಂದ ರಕ್ಷಣೆಯವರು ನುಗ್ಗಿ ಬರುತ್ತಿರುತ್ತಾರೆ. ಆ 19 ಮೀಟರ್‌ನಲ್ಲಿ ಚೆಂಡು ಒಂದೇ ಒಂದು ಸಲ ಬೆರಳೆತ್ತರ ಕುಪ್ಪಳಿಸಿದರೆ ಟ್ರ್ಯಾಪ್ ತಪ್ಪುತ್ತದೆ, ಕಾರ್ನರ್ ವ್ಯರ್ಥ. ಫ್ಲಿಕ್ ಬದಲು ಹಿಟ್ ಮಾಡುವುದಾದರೆ ಇನ್ನೂ ಕಷ್ಟ: ಮೊದಲ ಹಿಟ್ 460 ಮಿಲಿಮೀಟರ್ ಎತ್ತರದ ಗೋಲ್ ಹಲಗೆಗಿಂತ ಮೇಲೆ ಹೋಗುವಂತಿಲ್ಲ, ನೆಗೆದ ಚೆಂಡಿಗೆ ಹೊಡೆದರೆ ಮೇಲೆಯೇ ಹೋಗುತ್ತದೆ. ನೀರು ಹಾಕಿದ ಟರ್ಫ್ ಮೇಲೆ ಆಡುವವರು ಗುಳಿ ಚೆಂಡಿಗೆ ದುಡ್ಡು ಹಾಕುವುದು ಅದಕ್ಕೇ, ಅದರಲ್ಲಿ ತಪ್ಪೇನಿಲ್ಲ. ಡ್ರ್ಯಾಗ್ ಫ್ಲಿಕ್ ಮಾಡುವಾಗ ಗುಳಿಯಿಂದ ಸ್ಟಿಕ್ಕಿಗೆ ಹಿಡಿತ ಸಿಗುತ್ತದೆ ಎಂದು ಕೆಲವು ಆಟಗಾರರು ಹೇಳುತ್ತಾರೆ, ಇನ್ನು ಕೆಲವರಿಗೆ ವ್ಯತ್ಯಾಸವೇ ಕಾಣುವುದಿಲ್ಲ. ಇದನ್ನು ಅವರವರ ಕೈಗೇ ಬಿಡುವುದು ಒಳ್ಳೆಯದು.

ಮರಳು ತುಂಬಿದ ಟರ್ಫಿನ ಲೆಕ್ಕ ಬೇರೆ. ಇದರಲ್ಲಿ ಎರಡು ಬಗೆ: ಎಳೆಗಳ ತುದಿಯವರೆಗೂ ಮರಳು ತುಂಬಿದ್ದು ಒಂದು, ಬುಡಕ್ಕಷ್ಟೇ ಮರಳು ಹಾಕಿ ತುದಿಯನ್ನು ಹಾಗೇ ಬಿಟ್ಟದ್ದು ಇನ್ನೊಂದು. ನೀರಿನ ಖರ್ಚಿಲ್ಲ, ನಿರ್ವಹಣೆ ಸುಲಭ, ಮಕ್ಕಳು ಇಡೀ ದಿನ ಆಡಿದರೂ ತಾಳುತ್ತದೆ. ಶಾಲೆ, ಕಾಲೇಜುಗಳು ಇಂಥದ್ದನ್ನು ಹಾಕಿಸಿಕೊಳ್ಳುವುದು ಅದಕ್ಕೇ. ಆದರೆ ಮರಳೆಂದರೆ ಉಪ್ಪುಕಾಗದ. ಅದರ ಮೇಲೆ ದಿನವಿಡೀ ಉಜ್ಜಿಸಿಕೊಂಡ ಗುಳಿ ಚೆಂಡಿನ ಬಣ್ಣ ಮೊದಲು ಹೋಗುತ್ತದೆ, ಆಮೇಲೆ ಗುಳಿಗಳ ಅಂಚು ಸವೆಯುತ್ತದೆ. ಒಂದು ಪಕ್ಕ ಹೆಚ್ಚು, ಇನ್ನೊಂದು ಪಕ್ಕ ಕಡಿಮೆ ಸವೆದ ಗುಳಿ ಚೆಂಡು ಪ್ಲೇನ್ ಬಾಲಿಗಿಂತ ಕಡೆಯಾಗಿ ಓಡುತ್ತದೆ. ಇಲ್ಲಿ ಬೇಕಾದದ್ದು ಹೊದಿಕೆ ದಪ್ಪಗಿರುವ, ಹೊಲಿಗೆಯಾಗಲಿ ಅಚ್ಚಿನ ಗೆರೆಯಾಗಲಿ ಇಲ್ಲದ ನುಣುಪು ಚೆಂಡು. ಬುಡಕ್ಕಷ್ಟೇ ಮರಳಿರುವ ಟರ್ಫನ್ನು ಮಳೆಗಾಲದಲ್ಲಿ ಬಳಸುವವರು ಪಂದ್ಯದ ದಿನಕ್ಕೆಂದು ನಾಲ್ಕು ಗುಳಿ ಚೆಂಡು ಇಟ್ಟುಕೊಂಡರೆ ಸಾಕು, ಅಭ್ಯಾಸಕ್ಕೆ ತೆಗೆಯಬಾರದು.

ಫುಟ್‌ಬಾಲಿಗೆಂದು ಹಾಸಿದ ಉದ್ದ ಎಳೆಯ ಟರ್ಫ್ ಈಗ ಬೆಂಗಳೂರಿನ ಬೀದಿಬೀದಿಯಲ್ಲಿದೆ, ಗಂಟೆ ಲೆಕ್ಕದಲ್ಲಿ ಬಾಡಿಗೆಗೆ ಸಿಗುತ್ತದೆ. ಹಾಕಿ ಹುಡುಗರೂ ಅಲ್ಲಿ ಕೈ ಆಡಿಸಲು ಹೋಗುತ್ತಾರೆ. ಅಲ್ಲಿ ಎಳೆಗಳ ನಡುವೆ ಚೆಂಡು ಹೂತುಕೊಳ್ಳುತ್ತದೆ, ಯಾವ ಚೆಂಡೂ ಉರುಳುವುದಿಲ್ಲ. ಅಂಥ ಟರ್ಫಿಗೆ ಚೆಂಡು ಆರಿಸುವ ಕಷ್ಟ ಬೇಡ, ಜಾಗವನ್ನೇ ಬದಲಿಸಿ.

ಈಗ ಮಣ್ಣಿಗೆ ಬರೋಣ, ಏಕೆಂದರೆ ನಮ್ಮ ಹಾಕಿಯ ಬಹುಪಾಲು ಅಲ್ಲೇ ಇದೆ. ಬೆಂಗಳೂರಿನಲ್ಲಿ ಅಕ್ಕಿತಿಮ್ಮನಹಳ್ಳಿಯ ಫೀಲ್ಡ್ ಮಾರ್ಷಲ್ ಕಾರ್ಯಪ್ಪ ಕ್ರೀಡಾಂಗಣವಿದೆ, ರಾಷ್ಟ್ರೀಯ ಶಿಬಿರ ನಡೆಯುವ ಕ್ರೀಡಾ ಪ್ರಾಧಿಕಾರದ ಕೇಂದ್ರವಿದೆ. ಕೊಡಗಿನಲ್ಲಿ ಪೊನ್ನಂಪೇಟೆಯಂಥ ಕಡೆ ಟರ್ಫ್ ಬಂದಿದೆ. ಇವನ್ನು ಬಿಟ್ಟರೆ ಹುಡುಗ ಹುಡುಗಿಯರು ಸ್ಟಿಕ್ ಹಿಡಿಯಲು ಕಲಿಯುವುದು ಶಾಲೆಯ ಮೈದಾನದಲ್ಲಿ. ಅದು ಬಯಲುಸೀಮೆಯಲ್ಲಿ ಗರಸು ಬೆರೆತ ಕೆಮ್ಮಣ್ಣು, ಮಲೆನಾಡಿನಲ್ಲಿ ಅರ್ಧ ಹುಲ್ಲು ಅರ್ಧ ಜೇಡಿ. ಕೊಡವ ಕುಟುಂಬಗಳ ಹಾಕಿ ಹಬ್ಬವನ್ನೇ ನೋಡಿ. ಪಾಂಡಂಡ ಕುಟ್ಟಪ್ಪನವರು 1997ರಲ್ಲಿ ಕರಡ ಗ್ರಾಮದಲ್ಲಿ ಶುರು ಮಾಡಿದ್ದು; 2024ರಲ್ಲಿ ಕುಂಡ್ಯೋಳಂಡ ಕುಟುಂಬ ನಾಪೋಕ್ಲುವಿನಲ್ಲಿ ನಡೆಸಿದ ಹಬ್ಬದಲ್ಲಿ 360 ಕುಟುಂಬ ತಂಡಗಳು ಆಡಿ, ಅದು ಗಿನ್ನೆಸ್ ದಾಖಲೆಗೂ ಸೇರಿತು. ಅಷ್ಟೊಂದು ತಂಡ, ವಾರಗಟ್ಟಲೆ ಪಂದ್ಯ, ಅಜ್ಜಂದಿರಿಂದ ಮೊಮ್ಮಕ್ಕಳವರೆಗೆ, ಹೆಣ್ಣುಮಕ್ಕಳೂ ಸೇರಿ ಆಡುವ ಆಟ. ಎಲ್ಲ ಮೈದಾನದ ನೆಲದ ಮೇಲೆ.

ಮಣ್ಣಿನ ಮೇಲೆ ಗುಳಿ ಚೆಂಡು ಏನಾಗುತ್ತದೆ ಎಂಬುದನ್ನು ಹತ್ತಿರದಿಂದ ನೋಡಬೇಕು. ಮಳೆ ಬಿದ್ದ ಮೇಲಿನ ಮೈದಾನವಾದರೆ ಹತ್ತು ನಿಮಿಷದಲ್ಲಿ ಗುಳಿಗಳೆಲ್ಲ ಜೇಡಿಯಿಂದ ತುಂಬಿ ಹೋಗುತ್ತವೆ. ನೀರು ಸರಿಯಬೇಕಾದ ಜಾಗದಲ್ಲಿ ಕೆಸರು ಮೆತ್ತಿದೆ. ಗುಳಿ ಇದ್ದೂ ಇಲ್ಲದಂತೆ, ಜೊತೆಗೆ ತೂಕವೂ ಹೆಚ್ಚಿತು. ಪ್ಲೇನ್ ಬಾಲ್ ಆದರೆ ಷರಟಿನ ಅಂಚಿನಲ್ಲಿ ಒಮ್ಮೆ ಒರೆಸಿದರೆ ಸರಿ, ಗುಳಿ ಚೆಂಡನ್ನು ಕಡ್ಡಿಯಿಂದ ಕೆರೆಯಬೇಕು. ಬೇಸಿಗೆಯ ಒಣ ನೆಲವಾದರೆ ಗರಸು ಕಲ್ಲಿಗೆ ಗುಳಿಯ ಅಂಚುಗಳು ಚಕ್ಕೆ ಏಳುತ್ತವೆ. ಚಕ್ಕೆ ಎದ್ದ ಅಂಚು ಬೆರಳಿಗೆ ಗೀರುವಷ್ಟು ಚೂಪಾಗುತ್ತದೆ, ಸ್ಟಿಕ್ಕಿನ ಮೈಯನ್ನೂ ಕೆತ್ತುತ್ತದೆ. ದುಬಾರಿ ಚೆಂಡು ಒಂದು ತಿಂಗಳಲ್ಲಿ ಮೂಲೆ ಸೇರುತ್ತದೆ. ಪಿ.ಟಿ. ಮೇಷ್ಟ್ರು ಆ ದುಡ್ಡಿಗೆ ಪ್ಲೇನ್ ಬಾಲ್ ಕೊಂಡಿದ್ದರೆ ಇಡೀ ತಂಡಕ್ಕೆ ತಲಾ ಒಂದರಂತೆ ಸಿಗುತ್ತಿತ್ತು. ಹನ್ನೊಂದು ಮಕ್ಕಳು ಒಂದು ಚೆಂಡಿನ ಹಿಂದೆ ಓಡುವುದಕ್ಕೂ ಹನ್ನೊಂದು ಮಕ್ಕಳ ಮುಂದೆ ಹನ್ನೊಂದು ಚೆಂಡು ಇರುವುದಕ್ಕೂ ಎಷ್ಟು ವ್ಯತ್ಯಾಸವೆಂದು ಡ್ರಿಬ್ಲಿಂಗ್ ಕಲಿಸಿದ ಯಾರನ್ನಾದರೂ ಕೇಳಿ.

ಇದಕ್ಕೆ ಎದುರಾಗಿ ಒಂದು ಗಟ್ಟಿ ವಾದವಿದೆ, ಅದನ್ನು ತಳ್ಳಿಹಾಕುವಂತಿಲ್ಲ. ಜಿಲ್ಲಾ ಮಟ್ಟ ದಾಟಿದ ಕೂಡಲೇ ಆಯ್ಕೆ ನಡೆಯುವುದು ಟರ್ಫ್ ಮೇಲೆ, ಗುಳಿ ಚೆಂಡಿನಲ್ಲಿ. ಮಣ್ಣಿನಲ್ಲಿ ಪ್ಲೇನ್ ಬಾಲ್ ಆಡಿ ಬೆಳೆದ ಹುಡುಗಿ ಅಲ್ಲಿ ಮೊದಲ ಸಲ ಗುಳಿ ಚೆಂಡು ಮುಟ್ಟಿದರೆ ಅವಳಿಗೆ ಅನ್ಯಾಯವಲ್ಲವೇ ಎನ್ನುತ್ತಾರೆ ಕೋಚ್‌ಗಳು. ಅನ್ಯಾಯವೇ. ಆದರೆ ಅವಳನ್ನು ಅಲ್ಲಿ ಕಂಗೆಡಿಸುವುದು ಚೆಂಡಿಗಿಂತ ಹೆಚ್ಚಾಗಿ ನೆಲ. ಮಣ್ಣಿನ ಮೇಲೆ ಗುಳಿ ಚೆಂಡು ಹಾಕಿಕೊಂಡು ಆಡಿದರೆ ಟರ್ಫಿನ ವೇಗ ಕೈಗೆ ಬರುವುದಿಲ್ಲ. ಅದಕ್ಕೆ ಹತ್ತಿರದ ಅಭ್ಯಾಸ ಬೇಕೆಂದರೆ ಶಾಲೆಯ ಸಿಮೆಂಟ್ ಬ್ಯಾಸ್ಕೆಟ್‌ಬಾಲ್ ಅಂಕಣಕ್ಕೆ ಎರಡು ಕೊಡ ನೀರು ಚೆಲ್ಲಿ, ಅದರ ಮೇಲೆ ಟ್ರ್ಯಾಪ್ ಮತ್ತು ಪುಶ್ ಮಾಡಿಸುವುದು ಹೆಚ್ಚು ಉಪಯೋಗ. ಚೆಂಡು ನೆಲ ಬಿಡದೆ ಸರ್ರನೆ ಬರುವುದು ಹೇಗಿರುತ್ತದೆಂದು ಕಣ್ಣಿಗೆ, ಮಣಿಕಟ್ಟಿಗೆ ಪರಿಚಯವಾಗುತ್ತದೆ. ಓಡಿಸಬಾರದು ಅಷ್ಟೆ, ಜಾರಿ ಬಿದ್ದಾರು. ಗುಳಿ ಚೆಂಡಿನ ಬಳಕೆಯನ್ನು ಆಯ್ಕೆಗೆ ಹೋಗುವ ಮುಂಚಿನ ಕೆಲವು ದಿನಗಳಿಗೆ ಇಟ್ಟುಕೊಳ್ಳಬಹುದು.

ನಿಜವಾದ ಹುಲ್ಲಿನ ಅಂಗಣ ಈಗ ಕಡಿಮೆ. ಚೆನ್ನಾಗಿ ಕತ್ತರಿಸಿ ರೋಲರ್ ಹಾಯಿಸಿದ ಹುಲ್ಲಾದರೆ ಪ್ಲೇನ್ ಬಾಲೇ ಸಾಕು, ಮಣ್ಣಿಗೆ ಹೇಳಿದ್ದೆಲ್ಲ ಇಲ್ಲಿಗೂ ಸಲ್ಲುತ್ತದೆ. ಒಳಾಂಗಣ ಹಾಕಿಯಲ್ಲಿ ಸಂದೇಹವೇ ಇಲ್ಲ. ಮರದ ಅಥವಾ ಸಿಂಥೆಟಿಕ್ ನೆಲ, ಹಿಟ್ ಮಾಡುವಂತಿಲ್ಲ, ಪುಶ್ ಮಾತ್ರ. ಅಲ್ಲಿಗೆ ಗುಳಿಯಿಲ್ಲದ, ಗೆರೆಯಿಲ್ಲದ ಚೆಂಡು. ಗುಳಿ ಚೆಂಡು ಅಷ್ಟು ಸಪಾಟು ನೆಲದ ಮೇಲೆ ಸಣ್ಣಗೆ ನಡುಗುತ್ತ ಓಡುತ್ತದೆ.

ಬಣ್ಣದ ಆಯ್ಕೆ ಹಗುರ ವಿಷಯ ಅನ್ನಿಸಬಹುದು, ಹಾಗಲ್ಲ. 2012ರ ಲಂಡನ್ ಒಲಿಂಪಿಕ್ಸಿಗೆ ನೀಲಿ ಟರ್ಫ್, ಗುಲಾಬಿ ಅಂಚು, ಹಳದಿ ಚೆಂಡು ತಂದಾಗ ಹಳಬರು ಮೂಗು ಮುರಿದರು. ಈಗ ನೀಲಿ ಟರ್ಫೇ ಮಾಮೂಲಿಯಾಗಿದೆ. ನೀಲಿಯ ಮೇಲೆ ಹಳದಿ ಎದ್ದು ಕಾಣುತ್ತದೆ, ಬಿಳಿ ಗೆರೆಗಳ ಜೊತೆ ಕಲೆಸಿಹೋಗುವುದಿಲ್ಲ, ಕ್ಯಾಮೆರಾಕ್ಕೂ ಸಿಗುತ್ತದೆ. ಹಸಿರು ಟರ್ಫಿಗೆ ಬಿಳಿ ಒಳ್ಳೆಯದು. ಕಿತ್ತಳೆ ಬಣ್ಣದ ಚೆಂಡು ಹಸಿರಿನ ಮೇಲೆ ಚೆಂದ ಕಾಣುತ್ತದೆ ಎಂದು ಕೊಳ್ಳುವವರು, ಕೆಂಪು ಹಸಿರು ಬೇರ್ಪಡಿಸಿ ಕಾಣದ ಕಣ್ಣು ಗಂಡುಮಕ್ಕಳಲ್ಲಿ ಅಪರೂಪವಲ್ಲ ಎಂಬುದನ್ನು ನೆನಪಿಡಬೇಕು. ಹುಡುಗ ಸೋಮಾರಿ, ಚೆಂಡು ನೋಡುವುದಿಲ್ಲ ಎಂದು ಬೈಯುವ ಮೊದಲು ಬೇರೆ ಬಣ್ಣದ ಚೆಂಡು ಕೊಟ್ಟು ನೋಡಿ. ಕೆಮ್ಮಣ್ಣಿನಲ್ಲಿ ಬಿಳಿ ಚೆಂಡು ಅರ್ಧ ಗಂಟೆಯಲ್ಲಿ ಮಣ್ಣಿನ ಬಣ್ಣಕ್ಕೇ ತಿರುಗುತ್ತದೆ. ಆಟದ ನಡುವೆ ಒರೆಸುತ್ತಿರುವುದಲ್ಲದೆ ಬೇರೆ ಉಪಾಯವಿಲ್ಲ.

ಚೆಂಡಿನ ಹೊರಮೈಗಿಂತ ಒಳಗಿನ ವಿಷಯವನ್ನು ನಾವು ಕಡಿಮೆ ಮಾತಾಡುತ್ತೇವೆ. ಒಳ್ಳೆಯ ಚೆಂಡಿನೊಳಗೆ ಕಾರ್ಕ್ ಪುಡಿಯನ್ನು ರಬ್ಬರಿನೊಂದಿಗೆ ಬೆರೆಸಿ ಒತ್ತಿದ ತಿರುಳಿರುತ್ತದೆ. ಹೊಡೆತದ ಪೆಟ್ಟನ್ನು ಅದು ಒಂದಿಷ್ಟು ನುಂಗುತ್ತದೆ. ಅಗ್ಗದ ಕೆಲವು ಚೆಂಡುಗಳು ಬರೀ ಪ್ಲಾಸ್ಟಿಕ್ಕಿನವು, ಒಳಗೆ ಟೊಳ್ಳು. ತೂಕ ಸರಿ ಇದ್ದರೂ ಹೊಡೆದಾಗ ‘ಟಣ್’ ಎನ್ನುತ್ತವೆ, ಹೆಚ್ಚು ನೆಗೆಯುತ್ತವೆ, ಕೈಗೆ ಝುಮ್ಮೆನ್ನುತ್ತವೆ. ಮಣ್ಣಿನ ಮೇಲೆ ಮೊದಲೇ ನೆಗೆತ ಹೆಚ್ಚು, ಅದಕ್ಕೆ ಇದೂ ಸೇರಿದರೆ ಹಲ್ಲಿಗೆ ಆಪತ್ತು. ಪ್ಲೇನ್ ಬಾಲ್ ಕೊಳ್ಳಿ ಎಂದರೆ ಟೊಳ್ಳು ಚೆಂಡು ಕೊಳ್ಳಿ ಎಂದಲ್ಲ. ತಿರುಳಿರುವ, ಗುಳಿಯಿಲ್ಲದ ಚೆಂಡು ಸಿಗುತ್ತದೆ, ಕೇಳಿ ಪಡೆಯಬೇಕು. ಪ್ಲಾಸ್ಟಿಕ್ ಹೊದಿಕೆ ಚಳಿಯಲ್ಲಿ ಗಡುಸಾಗುತ್ತದೆ, ಬಿಸಿಲಿನಲ್ಲಿ ಮೆದುವಾಗುತ್ತದೆ. ಮಡಿಕೇರಿಯ ಡಿಸೆಂಬರ್ ಬೆಳಗಿನ ಚೆಂಡಿಗೂ ಕಲಬುರಗಿಯ ಏಪ್ರಿಲ್ ಮಧ್ಯಾಹ್ನದ ಚೆಂಡಿಗೂ ಸ್ಟಿಕ್ಕಿನ ಮೇಲೆ ಸದ್ದೇ ಬೇರೆ. ಕಾರಿನ ಡಿಕ್ಕಿಯಲ್ಲಿ ಬಿಸಿಲಿಗೆ ಬಿಟ್ಟ ಚೀಲದಲ್ಲಿ ಒಂದರ ಮೇಲೊಂದು ಬಿದ್ದ ಚೆಂಡುಗಳು ಅಲ್ಲಲ್ಲಿ ಚಪ್ಪಟೆಯಾಗುವುದೂ ಉಂಟು.

ಕೊಳ್ಳುವ ಮುಂಚೆ ಪರೀಕ್ಷೆ ಮಾಡಲು ದೊಡ್ಡ ಪ್ರಯೋಗಾಲಯ ಬೇಡ. ಟೈಲರ್ ಟೇಪು ಸುತ್ತಿ ನೋಡಿ: 22.4ರಿಂದ 23.5 ಸೆಂಟಿಮೀಟರ್ ಒಳಗಿರಬೇಕು. ಒಂದೇ ದಿಕ್ಕಿನಲ್ಲಿ ಅಳೆದರೆ ಸಾಲದು, ಅಡ್ಡ, ಉದ್ದ, ಓರೆ ಮೂರು ಕಡೆ ಸುತ್ತಿದಾಗಲೂ ಅಳತೆ ಒಂದೇ ಬರಬೇಕು. ಅಡುಗೆಮನೆಯ ಡಿಜಿಟಲ್ ತಕ್ಕಡಿಯಲ್ಲಿ ತೂಗಿ ನೋಡಿ. ಆಮೇಲೆ ಒಂದು ಬಕೆಟ್ ನೀರು ತನ್ನಿ. ಹಾಕಿ ಚೆಂಡು ಕಲ್ಲಿನಂತೆ ಗಟ್ಟಿ ಇದ್ದರೂ ನೀರಿನಲ್ಲಿ ಮುಳುಗುವುದಿಲ್ಲ, ತೇಲುತ್ತದೆ. ನಂಬದವರು ಲೆಕ್ಕ ಹಾಕಬಹುದು: 230 ಮಿಲಿಮೀಟರ್ ಸುತ್ತಳತೆಯ ಗೋಳದ ಗಾತ್ರ ಸುಮಾರು 205 ಘನ ಸೆಂಟಿಮೀಟರ್, ಅಷ್ಟು ನೀರು 205 ಗ್ರಾಂ ತೂಗುತ್ತದೆ, ಚೆಂಡಿನ ತೂಕ 163 ಗ್ರಾಂ ಮೀರುವಂತಿಲ್ಲ. ತೇಲುವ ಚೆಂಡಿನ ನೆತ್ತಿಗೆ ಪೆನ್ನಿನಿಂದ ಒಂದು ಚುಕ್ಕಿ ಇಟ್ಟು, ಬೆರಳಿನಿಂದ ತಿರುಗಿಸಿ ಬಿಡಿ. ಪ್ರತಿ ಸಲ ಚುಕ್ಕಿ ಒಂದೊಂದು ಕಡೆ ನಿಂತರೆ ಚೆಂಡು ಸಮತೂಕದ್ದು. ತಿರುಗಿಸಿದಾಗಲೆಲ್ಲ ಚುಕ್ಕಿ ಮೇಲಕ್ಕೇ ಬಂದು ನಿಂತರೆ ಅದರ ಕೆಳಗಿನ ಭಾಗ ಭಾರ, ತಿರುಳು ನಡುವಿನಲ್ಲಿ ಕೂತಿಲ್ಲ. ಅಂಥ ಚೆಂಡು ಯಾವ ನೆಲದ ಮೇಲೂ ನೇರ ಓಡುವುದಿಲ್ಲ, ಅದರ ಮೇಲೆ ಎಷ್ಟು ಗುಳಿ ಇದ್ದರೇನು? ಅಂಗಡಿಯವರು ಬಕೆಟ್ ತರಲು ಒಪ್ಪಲಿಕ್ಕಿಲ್ಲ. ಡಜನ್‌ಗಟ್ಟಲೆ ಕೊಳ್ಳುವ ಶಾಲೆಯಾದರೆ ಮೊದಲು ಒಂದೆರಡು ತಂದು ನೋಡಬಹುದು.

ಹಾಕಿ ಸಾಮಗ್ರಿಯ ನಮ್ಮ ದೊಡ್ಡ ಪೇಟೆಗಳು ಜಲಂಧರ್ ಮತ್ತು ಮೀರಠ್. ದೇಶ ವಿಭಜನೆಯ ಹೊತ್ತಿನಲ್ಲಿ ಸಿಯಾಲ್‌ಕೋಟ್‌ನಿಂದ ಬಂದ ಕುಶಲಕರ್ಮಿಗಳು ಜಲಂಧರ್‌ನಲ್ಲಿ ಈ ಕಸುಬನ್ನು ಕಟ್ಟಿ ಬೆಳೆಸಿದರು. ಅಲ್ಲಿನ ಚೆಂಡು ಆಮದು ಚೆಂಡಿಗಿಂತ ಅಗ್ಗ, ಮಣ್ಣಿಗಂತೂ ಧಾರಾಳ ಸಾಕು. ದೂರು ಇರುವುದು ಒಂದೇ: ಒಂದೇ ಪೆಟ್ಟಿಗೆಯ ಹನ್ನೆರಡು ಚೆಂಡುಗಳಲ್ಲಿ ಎರಡು ಮೂರು ಬೇರೆ ಥರ ಓಡುತ್ತವೆ. ಅಭ್ಯಾಸದ ಚೀಲದಲ್ಲಿ ಬೇರೆಬೇರೆ ಗುಣದ ಚೆಂಡು ಬೆರೆಸುವುದಕ್ಕಿಂತ ದೊಡ್ಡ ತಪ್ಪು ಇಲ್ಲ. ಒಂದು ನೆಗೆಯುತ್ತದೆ, ಒಂದು ಎಳೆಯುತ್ತದೆ, ಒಂದು ಜಾರುತ್ತದೆ. ಮಗುವಿನ ಕೈ ಏನು ಕಲಿಯಬೇಕು? ಎಲ್ಲವೂ ಸಾಧಾರಣವಾಗಿದ್ದರೂ ಚಿಂತೆಯಿಲ್ಲ, ಒಂದೇ ಥರ ಇರಲಿ. ಬೇರೆಯಾದವನ್ನು ತೆಗೆದು ಗೋಲಿಯ ಅಭ್ಯಾಸಕ್ಕೆ ಕೊಡಿ. ಅವನಿಗೆ ಹೇಗೂ ಎಲ್ಲ ಥರದ ಚೆಂಡೂ ಎದುರಾಗುತ್ತದೆ!

ನೀರಿನಿಂದ ಶುರುವಾದ ಈ ಕಥೆಯಲ್ಲಿ ಈಗ ನೀರೇ ಹಿಂದೆ ಸರಿಯುತ್ತಿದೆ. ಒಂದು ಅಂಗಣವನ್ನು ಒಮ್ಮೆ ತೋಯಿಸಲು ಸಾವಿರಾರು ಲೀಟರ್ ಬೇಕು. 2024ರ ಮಾರ್ಚ್‌ನಲ್ಲಿ ಬೆಂಗಳೂರಿನಲ್ಲಿ ಕುಡಿಯುವ ನೀರಿನಿಂದ ಕಾರು ತೊಳೆದರೆ, ಗಿಡಕ್ಕೆ ಹಾಕಿದರೆ 5,000 ರೂಪಾಯಿ ದಂಡ ಎಂದು ಜಲಮಂಡಳಿ ಸಾರಿದ ದಿನಗಳನ್ನು ನೆನೆದರೆ, ಬೆಳೆಯದ ಹುಲ್ಲಿಗೆ ನೀರೆರೆಯುವುದನ್ನು ಸಮರ್ಥಿಸಿಕೊಳ್ಳುವುದು ಕಷ್ಟ. ಅಂತರರಾಷ್ಟ್ರೀಯ ಹಾಕಿ ಫೆಡರೇಷನ್ನೂ ಕೆಲವು ವರ್ಷಗಳಿಂದ ನೀರು ಬೇಡದ ಟರ್ಫಿನ ಹಿಂದೆ ಬಿದ್ದಿದೆ. 2024ರ ಪ್ಯಾರಿಸ್ ಒಲಿಂಪಿಕ್ಸಿನಲ್ಲಿ, ಭಾರತ ಮತ್ತೆ ಕಂಚು ಗೆದ್ದ ಆ ಅಂಗಣದಲ್ಲಿ, ಕಬ್ಬಿನ ಮೂಲದ ಪ್ಲಾಸ್ಟಿಕ್ ಬಳಸಿ ಮಾಡಿದ, ಮೊದಲಿಗಿಂತ ಕಡಿಮೆ ನೀರು ಸಾಕೆನ್ನುವ ಟರ್ಫ್ ಹಾಸಿದ್ದರು. ಮಂಡ್ಯದ ರೈತರು ಕೇಳಿದರೆ ಖುಷಿಪಟ್ಟಾರು.

ನೀರಿಲ್ಲದ ಟರ್ಫಿನ ಸಂಶೋಧನೆಯೆಲ್ಲ ಎಳೆಯ ಮೇಲೆ ನಡೆಯುತ್ತಿದೆ: ಎಳೆಯನ್ನು ಸುರುಳಿ ಮಾಡುವುದು, ನಯಗೊಳಿಸುವುದು, ಜಾರುವಂತೆ ಮಾಡುವುದು. ಚೆಂಡೂ ಅದರ ಜೊತೆ ಬದಲಾಗಬೇಕಾಗುತ್ತದೆ. ಒಣ ಎಳೆಯ ಮೇಲೆ ಸರಿಸಬೇಕಾದ ನೀರೇ ಇಲ್ಲದಿರುವಾಗ ಗುಳಿಯ ಕೆಲಸವೇನು? ಗುಳಿಯ ಅಂಚುಗಳು ಒಣ ಎಳೆಗೆ ತಗಲಿ ಚೆಂಡನ್ನು ತಡೆಯುವ, ಕುಪ್ಪಳಿಸುವಂತೆ ಮಾಡುವ ಸಾಧ್ಯತೆಯೂ ಉಂಟು. ಬಹುಶಃ ಗುಳಿಗಳು ಆಳ ಕಳೆದುಕೊಂಡು, ಹೊದಿಕೆ ಹೆಚ್ಚು ಜಾರುವ ವಸ್ತುವಿನದಾಗಿ, ಚೆಂಡು ಪ್ಲೇನ್ ಬಾಲಿನ ಕಡೆಗೇ ಹೊರಳಬಹುದು ಎಂಬುದು ನನ್ನ ಊಹೆ. ಹಾಗಾದರೆ ಮಣ್ಣಿನ ಮೇಲೆ ಪ್ಲೇನ್ ಬಾಲ್ ಆಡಿದ ನಮ್ಮ ಮಕ್ಕಳಿಗೆ ಮಾಂಟ್ರಿಯಲ್ ಮಾಡಿದ ಅನ್ಯಾಯದಲ್ಲಿ ಒಂದಿಷ್ಟಾದರೂ ತೀರುವಳಿಯಾದೀತು.

ಅಲ್ಲಿಯವರೆಗೆ ಮಾಡಬಹುದಾದ ಒಂದು ಕೆಲಸ ಬಹಳ ಸಣ್ಣದು, ಖರ್ಚಿಲ್ಲದ್ದು. ನಮ್ಮ ಶಾಲಾ ಟೂರ್ನಿಗಳ, ಊರ ಕಪ್‌ಗಳ ಆಹ್ವಾನ ಪತ್ರಿಕೆಯಲ್ಲಿ ಉದ್ಘಾಟಕರ ಹೆಸರು, ಬಹುಮಾನದ ಮೊತ್ತ, ಊಟದ ವ್ಯವಸ್ಥೆ ಎಲ್ಲ ಇರುತ್ತದೆ. ಅಂಗಣ ಯಾವುದು, ಪಂದ್ಯಕ್ಕೆ ಕೊಡುವ ಚೆಂಡು ಯಾವುದು, ಗುಳಿ ಇದ್ದದ್ದೋ ಇಲ್ಲದ್ದೋ, ಯಾವ ಬಣ್ಣದ್ದು ಎಂದು ಅದರಲ್ಲೇ ಒಂದು ಸಾಲು ಸೇರಿಸಿದರೆ, ಬರುವ ತಂಡಗಳು ಎರಡು ವಾರ ಮೊದಲೇ ಅದೇ ಥರದ ಚೆಂಡು ಹಾಕಿಕೊಂಡು ಅಭ್ಯಾಸ ಮಾಡಬಹುದು.